ಸಪೂರ ಕೈಬರಹದ ಫಾಂಟು: ಒತ್ತಕ್ಷರ ಕೆಡದಂತೆ ಬಳಸುವ ಬಗೆ

60 ಮಿಲಿಮೀಟರ್ ಅಗಲದ ಲೇಬಲ್. ಎರಡೂ ಬದಿ 3 ಮಿಲಿಮೀಟರ್ ಬಿಟ್ಟರೆ ಬರೆಯಲು ಸಿಗುವುದು 54. ಅದರಲ್ಲಿ 'ಅಪ್ಪೆಮಿಡಿ ಉಪ್ಪಿನಕಾಯಿ' ಒಂದೇ ಸಾಲಿನಲ್ಲಿ ಕೂರಬೇಕು. ಒಂಬತ್ತು ಅಕ್ಷರ, ನಡುವೆ ಒಂದು ಖಾಲಿ ಜಾಗ. ಮಾಮೂಲಿ ಫಾಂಟಿನಲ್ಲಿ ಕನ್ನಡದ ಅಕ್ಷರ ಹೆಚ್ಚುಕಡಿಮೆ ಎತ್ತರದಷ್ಟೇ ಅಗಲ, ಹಾಗಾಗಿ ಅಕ್ಷರದ ಎತ್ತರ 5 ಮಿಲಿಮೀಟರಿಗೆ ನಿಂತುಬಿಡುತ್ತದೆ. ಅಗಲ ಎತ್ತರದ ಮುಕ್ಕಾಲಿಗಿಂತ ಕಡಿಮೆಯಿರುವ ಸಪೂರ ಫಾಂಟು ಸಿಕ್ಕರೆ ಅದೇ ಜಾಗದಲ್ಲಿ 8 ಮಿಲಿಮೀಟರ್ ಎತ್ತರದ ಅಕ್ಷರ ನಿಲ್ಲುತ್ತದೆ, ಅಂಗಡಿಯ ಕಪಾಟಿನಲ್ಲಿ ದೂರದಿಂದಲೇ ಕಾಣುತ್ತದೆ. ಅದರಲ್ಲಿ ತುಸು ಕೈಬರಹದ ಓಲಾಟವೂ ಇದ್ದರೆ ಮನೆಯಲ್ಲಿ ಮಾಡಿದ ಉಪ್ಪಿನಕಾಯಿ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಆದರೆ ಅಗಲದಲ್ಲಿ ಉಳಿಸಿದ್ದನ್ನು ಕನ್ನಡ ಎತ್ತರದಲ್ಲಿ ವಸೂಲು ಮಾಡುತ್ತದೆ. ಇಂಗ್ಲಿಷಿನ ಸಪೂರ ಅಕ್ಷರಗಳನ್ನು ಸಾಲಿನ ಮೇಲೆ ಸಾಲು ಒತ್ತಾಗಿ ಜೋಡಿಸಬಹುದು. ಕನ್ನಡದಲ್ಲಿ ಕೆಳಗೆ ಒತ್ತು ತೂಗುತ್ತದೆ, ಮೇಲೆ ಗುಡಿಸು ಏಳುತ್ತದೆ. ಈ ಲೆಕ್ಕವನ್ನು ಮೊದಲೇ ಹಾಕದೆ ಫಾಂಟು ಆರಿಸಿದವರು ಕೊನೆಗೆ ಅಕ್ಷರವನ್ನು ಹಿಂಡಲು ಹೋಗುತ್ತಾರೆ. ಕೆಡುವುದು ಅಲ್ಲೇ.

ಯಾವ ಫಾಂಟು

ಸಪೂರವೂ ತಮಾಷೆಯೂ ಕೈಬರಹವೂ ಆದ ಫಾಂಟು ಎಂದರೆ ಹೆಚ್ಚಿನವರಿಗೆ ಕಣ್ಣ ಮುಂದೆ ಬರುವುದು ಅಮ್ಯಾಟಿಕ್ ಎಸ್‌ಸಿ. ವರ್ನನ್ ಆಡಮ್ಸ್ ಬರೆದದ್ದು. ಕಾಫಿ ಅಂಗಡಿಗಳ ಮೆನುವಿನಿಂದ ಹಿಡಿದು ಮಕ್ಕಳ ಪುಸ್ತಕದವರೆಗೆ ಎಲ್ಲೆಡೆ ಕಾಣುತ್ತದೆ. ರೆಗ್ಯುಲರ್, ಬೋಲ್ಡ್ ಎಂಬ ಎರಡೇ ತೂಕ (ಗೆರೆಯ ದಪ್ಪ). ಚಿಕ್ಕಕ್ಷರದ ಕೀಲಿ ಒತ್ತಿದರೂ ಬರುವುದು ಕ್ಯಾಪಿಟಲ್ ಆಕಾರವೇ, ತುಸು ಗಿಡ್ಡ ಅಷ್ಟೇ. ಅದರಲ್ಲಿ ರೋಮನ್, ಸಿರಿಲಿಕ್, ಹೀಬ್ರೂ ಲಿಪಿಗಳಿವೆ, ಕನ್ನಡ ಇಲ್ಲ. ಕನ್ನಡದ ಪದಕ್ಕೆ ಆ ಫಾಂಟು ಹಾಕಿದರೆ ಕಂಪ್ಯೂಟರ್ ದೂರು ಹೇಳುವುದಿಲ್ಲ. ಸದ್ದಿಲ್ಲದೆ ತನ್ನಲ್ಲಿರುವ ಬೇರೊಂದು ಫಾಂಟು ತಂದು ಕೂರಿಸುತ್ತದೆ, ವಿಂಡೋಸ್‌ನಲ್ಲಿ ನಿರ್ಮಲಾ, ಆಂಡ್ರಾಯ್ಡ್‌ನಲ್ಲಿ ನೋಟೊ. ಪರದೆಯ ಮೇಲೆ 'ಪರವಾಗಿಲ್ಲ' ಅನ್ನಿಸಿದ್ದು ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಇನ್ನೊಂದು ರೂಪ ತಾಳುತ್ತದೆ.

ಕನ್ನಡಕ್ಕೆ ಉಚಿತವಾಗಿ ಸಿಗುವವುಗಳಲ್ಲಿ ಈ ಕೆಲಸಕ್ಕೆ ಹತ್ತಿರದವು ಬೆರಳೆಣಿಕೆಯಷ್ಟು. 'ಹುಬ್ಬಳ್ಳಿ' ಒಂದೇ ದಪ್ಪದ ಗೆರೆಯ, ಸಲುಗೆಯ ಫಾಂಟು. ಒಂದೇ ತೂಕ, ಗೆರೆ ತೆಳು. ಲೇಬಲ್, ಕಾರ್ಡುಗಳಿಗೆ ಚೆನ್ನ, ಫ್ಲೆಕ್ಸಿಗೆ ಸಾಲದು. 'ಅಕಾಯ ಕನ್ನಡಕ' ಶೀರ್ಷಿಕೆಗೆಂದೇ ಮಾಡಿದ ಪ್ರಯೋಗ, ಅದೂ ಒಂದೇ ತೂಕ, ವ್ಯಕ್ತಿತ್ವ ಜೋರು. 'ಬಲೂ ತಮ್ಮ 2' ನಗುಮುಖದ್ದು, ಆದರೆ ಗುಂಡುಗುಂಡಗೆ ಅಗಲ. ಮಕ್ಕಳ ಹುಟ್ಟುಹಬ್ಬದ ಬ್ಯಾನರಿಗೆ ಅದನ್ನೇ ಹಾಕಿ, ಸಪೂರದ ಆಸೆ ಬಿಡಿ. 'ಅನೇಕ್ ಕನ್ನಡ' ಕೈಬರಹ ಅಲ್ಲವೇ ಅಲ್ಲ. ಆದರೂ ಅದನ್ನು ಇಲ್ಲಿ ಹೆಸರಿಸಲು ಕಾರಣವಿದೆ. ಅದು ವೇರಿಯಬಲ್ ಫಾಂಟು. ಅಗಲವನ್ನು 75ರಿಂದ 125ರವರೆಗೆ, ತೂಕವನ್ನು 100ರಿಂದ 800ರವರೆಗೆ ಎಳೆದು ಹೊಂದಿಸಬಹುದು. 75ಕ್ಕೆ ಇಳಿಸಿದಾಗ ಗೆರೆಗಳ ದಪ್ಪವನ್ನು ಅಕ್ಷರ ಬರೆದವರೇ ಸರಿಮಾಡಿಟ್ಟಿರುತ್ತಾರೆ.

ಇವೆಲ್ಲ ಓಪನ್ ಫಾಂಟ್ ಲೈಸೆನ್ಸಿನಲ್ಲಿವೆ. ವ್ಯಾಪಾರಕ್ಕೆ ಬಳಸಬಹುದು, ಮುದ್ರಿಸಬಹುದು, ಲೋಗೋ ಮಾಡಬಹುದು. ಫಾಂಟನ್ನು ಅದೊಂದನ್ನೇ ಮಾರುವಂತಿಲ್ಲ. 'ಪರ್ಸನಲ್ ಯೂಸ್' ಎಂದು ಬರೆದಿರುವ ಫಾಂಟು ಮನೆಯ ನಾಮಕರಣದ ಕಾರ್ಡಿಗೆ ಸರಿ, ಮಾರುವ ಬಾಟಲಿಯ ಲೇಬಲ್ಲಿಗೆ ಅಲ್ಲ.

ಹತ್ತು ಪದಗಳ ಪರೀಕ್ಷೆ

ಫಾಂಟಿನ ಚೆಂದವನ್ನು 'ಕನ್ನಡ' ಎಂಬ ಪದದಲ್ಲಿ ನೋಡಿ ತೀರ್ಮಾನಿಸಬೇಡಿ. ಆ ಪದ ಯಾವ ಫಾಂಟಿನಲ್ಲೂ ಚೆನ್ನಾಗಿಯೇ ಕಾಣುತ್ತದೆ. ಈ ಸಾಲು ಟೈಪ್ ಮಾಡಿ:

ರಾಷ್ಟ್ರ, ಸ್ತ್ರೀ, ಲಕ್ಷ್ಮೀ, ಕೃಷ್ಣ, ವೈಶಿಷ್ಟ್ಯ, ಧೈರ್ಯ, ರ‍್ಯಾಂಕ್, ರಾಜ್‌ಕುಮಾರ್, ಚಿಕ್ಕಪ್ಪ, ಯೋಗ

ರಾಷ್ಟ್ರ, ಸ್ತ್ರೀಗಳಲ್ಲಿ ಎರಡು ಒತ್ತುಗಳಿವೆ; ಅರೆಬರೆ ಮಾಡಿದ ಫಾಂಟು ಇಲ್ಲಿ ಎರಡನೇ ಒತ್ತನ್ನು ಮೊದಲನೆಯದರ ಮೇಲೆಯೇ ಕೂರಿಸುತ್ತದೆ. ಚಿಕ್ಕಪ್ಪದಲ್ಲಿ ಒತ್ತಿನ ಪಕ್ಕಕ್ಕೇ ಒತ್ತು. ಅಕ್ಷರ ಸಪೂರವಾದಷ್ಟೂ ಇವೆರಡು ಭುಜ ತಾಗಿಸಿಕೊಳ್ಳುತ್ತವೆ. ಮದುವೆ ಕಾರ್ಡಿನಲ್ಲಿ ಚಿಕ್ಕಪ್ಪ, ದೊಡ್ಡಪ್ಪ, ದೊಡ್ಡಮ್ಮ ಎಲ್ಲರೂ ಬರುತ್ತಾರಲ್ಲ, ಅದಕ್ಕೇ ಈ ಪರೀಕ್ಷೆ. 'ಯೋ' ಕನ್ನಡದ ಅತಿ ಅಗಲದ ಅಕ್ಷರಗಳಲ್ಲಿ ಒಂದು, ಫಾಂಟಿನ ಸಪೂರತನ ನಿಜವೋ ಸುಳ್ಳೋ ಅಲ್ಲಿ ಗೊತ್ತಾಗುತ್ತದೆ. ಪದದ ನಡುವೆ ಚುಕ್ಕಿಗಳ ವೃತ್ತವೊಂದು ಕಂಡರೆ ಟೈಪಿಂಗ್ ತಪ್ಪಿದೆ ಅಥವಾ ಫಾಂಟಿನೊಳಗಿನ ಜೋಡಣೆ ಅಪೂರ್ಣ.

ಧೈರ್ಯ ಮತ್ತು ರ‍್ಯಾಂಕ್ ಜೊತೆಯಾಗಿರುವುದು ಸುಮ್ಮನೆ ಅಲ್ಲ. ಮೊದಲನೆಯದಕ್ಕೆ ಅರ್ಕಾವತ್ತು ಬೇಕು, ಎರಡನೆಯದಕ್ಕೆ ರಕಾರ ಪೂರ್ತಿ ನಿಂತು ಯ ಒತ್ತಾಗಬೇಕು. ಅದಕ್ಕೆ ರಕಾರ ಮತ್ತು ವಿರಾಮದ (ಅಕ್ಷರವನ್ನು ಅರ್ಧ ಮಾಡುವ ಗುರುತಿನ) ನಡುವೆ ಕಣ್ಣಿಗೆ ಕಾಣದ ಕೂಡುಗುರುತು ಇರಬೇಕು. ವರ್ಡ್‌ನಲ್ಲಿ 200ಡಿ ಎಂದು ಇಂಗ್ಲಿಷ್ ಕೀಲಿಯಲ್ಲಿ ಒತ್ತಿ ಆಲ್ಟ್ ಜೊತೆ ಎಕ್ಸ್ ಒತ್ತಿದರೆ ಆ ಗುರುತು ಸೇರುತ್ತದೆ. ರಾಜ್‌ಕುಮಾರ್‌ನಲ್ಲಿ ಜ್ ಆದ ಮೇಲೆ ಬೇಕಾದದ್ದು ಬಿಡಿಸುವ ಗುರುತು, 200ಸಿ. ಅದಿಲ್ಲದಿದ್ದರೆ 'ರಾಜ್ಕುಮಾರ್' ಆಗುತ್ತದೆ. ಚಿತ್ರ ಬರೆಯುವ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲಿ ಬರೆಯುವಾಗ ಕಂಟ್ರೋಲ್ ಮತ್ತು ಯು ಒತ್ತಿ, ಸಂಖ್ಯೆ ಕೊಟ್ಟು, ಎಂಟರ್ ಒತ್ತಿದರೆ ಇದೇ ಕೆಲಸ.

ಆಮೇಲೆ ಹೋಲುವ ಅಕ್ಷರಗಳು. ದ–ಧ, ಡ–ಢ, ಬ–ಭಗಳನ್ನು ಬೇರೆ ಮಾಡುವುದು ಕೆಳಗಿನ ಒಂದು ಸಣ್ಣ ಸೀಳು. ಸಪೂರ ಫಾಂಟಿನ ದಪ್ಪ ತೂಕದಲ್ಲಿ ಮೊದಲು ಮುಚ್ಚಿಹೋಗುವುದು ಅದೇ. ಪ–ಷ, ಘ–ಫ, ಮ–ವು ಇವನ್ನೂ ಪಕ್ಕಪಕ್ಕ ಇಟ್ಟು, ಮುದ್ರಿಸುವ ಅಳತೆಯಲ್ಲೇ ಕಾಗದದ ಮೇಲೆ ತೆಗೆದು ನೋಡಿ. ಬೆಲೆ ಬರೆಯುವುದಿದ್ದರೆ ₹ ಗುರುತು ಇದೆಯೇ ನೋಡಿಕೊಳ್ಳಿ. 2010ರಲ್ಲಿ ಬಂದ ಗುರುತು ಅದು, ಅದಕ್ಕಿಂತ ಹಳೆಯ ಫಾಂಟುಗಳಲ್ಲಿ ಇರುವುದಿಲ್ಲ.

ತಂತ್ರಾಂಶ ಮೊದಲು ಸರಿಯಾಗಲಿ

ಫಾಂಟು ಸರಿಯಿದ್ದೂ ಒತ್ತು ಒಡೆದರೆ ತಪ್ಪು ತಂತ್ರಾಂಶದ ಸೆಟ್ಟಿಂಗಿನದು. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಫಲಕದ ಮೆನುವಿನಿಂದ 'ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್' ಆರಿಸಿ. ಇಲ್ಲಸ್ಟ್ರೇಟರ್‌ನಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ 'ಶೋ ಇಂಡಿಕ್ ಆಪ್ಷನ್ಸ್' ಗುರುತು ಹಾಕಿ, ನಂತರ ಪ್ಯಾರಾಗ್ರಾಫ್ ಫಲಕದಲ್ಲಿ ದಕ್ಷಿಣ ಏಷ್ಯಾದ ಕಂಪೋಸರ್ ಆರಿಸಬೇಕು. ಹಳೆಯ ಫೋಟೋಶಾಪ್‌ನಲ್ಲೂ ಟೈಪ್ ವಿಭಾಗದಲ್ಲೇ 'ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್' ಆಯ್ಕೆ ಇದೆ. ಅದನ್ನು ಬದಲಿಸಿದ ಮೇಲೆ ತೆಗೆಯುವ ಹೊಸ ಕಡತಕ್ಕೆ ಮಾತ್ರ ಅದು ತಾನಾಗಿ ಅನ್ವಯ. ಇಂಕ್‌ಸ್ಕೇಪ್‌ನಲ್ಲಿ ಏನೂ ಮಾಡಬೇಕಿಲ್ಲ.

ಪ್ರೆಸ್ಸಿನಿಂದ ಅಥವಾ ಹಳೆಯ ಕಡತದಿಂದ ಬಂದ ಮ್ಯಾಟರ್ ಹಳೆಯ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಇರಬಹುದು. ಅವು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರಸಂಕೇತ) ಅಲ್ಲ. ಹೊಸ ಫಾಂಟು ಹಾಕಿದೊಡನೆ ಇಡೀ ಪಠ್ಯ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಆಗುತ್ತದೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ, ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಓದಿ. ಪರಿವರ್ತನೆಯಲ್ಲಿ ಹೆಚ್ಚು ಜಾರುವುದು ಅವೇ.

ಹಿಂಡಬೇಡಿ

ಸಪೂರ ಫಾಂಟು ಸಿಗಲಿಲ್ಲವೆಂದು ಅಗಲದ ಫಾಂಟನ್ನು ಎರಡೂ ಕಡೆಯಿಂದ ಒತ್ತುವುದು ಡಿಟಿಪಿ ಮೇಜುಗಳ ಹಳೇ ಚಾಳಿ. ಏನಾಗುತ್ತದೆ ನೋಡಿ. ಗೆರೆಯ ದಪ್ಪ 2 ಮಿಲಿಮೀಟರ್ ಇರುವ ಅಕ್ಷರವನ್ನು 70 ಪ್ರತಿಶತಕ್ಕೆ ಹಿಂಡಿದರೆ ನಿಂತ ಗೆರೆ 1.4ಕ್ಕೆ ಇಳಿಯುತ್ತದೆ, ಮಲಗಿದ ಗೆರೆ 2ರಲ್ಲೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ನೇರ ಗೆರೆಗಳೇ ಜಾಸ್ತಿ, ಹೇಗೋ ತಡೆದುಕೊಳ್ಳುತ್ತದೆ. ಕನ್ನಡದ್ದು ಬಾಗು. ರ, ಠ, ಲ, ಣಗಳು ಮೊಟ್ಟೆಯಾಗಿ, ತಲೆ ಮತ್ತು ಬುಡ ಊದಿಕೊಂಡು, ಪಕ್ಕಗಳು ಬಡಕಲಾಗಿ ನಿಲ್ಲುತ್ತವೆ. ಕೈಬರಹದ ಫಾಂಟಿನಲ್ಲಂತೂ ಇದು ಇನ್ನೂ ಬೇಗ ಕಣ್ಣಿಗೆ ಹೊಡೆಯುತ್ತದೆ, ಏಕೆಂದರೆ ಯಾವ ಪೆನ್ನೂ ಹಾಗೆ ಬರೆಯುವುದಿಲ್ಲ.

95 ಪ್ರತಿಶತದವರೆಗೆ ಯಾರ ಗಮನಕ್ಕೂ ಬಾರದು. 90 ಮಾಡಲೇಬೇಕಾದರೆ, ಹಿಂಡಿದ ಮೇಲೆ ಅದೇ ಬಣ್ಣದ 0.2–0.3 ಪಾಯಿಂಟ್ ಹೊರಗೆರೆ ಕೊಟ್ಟು ಪಕ್ಕದ ಗೆರೆಗಳಿಗೆ ಸ್ವಲ್ಪ ಮೈ ತುಂಬಿಸಬಹುದು. ಹೊರಗೆರೆ ಎಲ್ಲ ಕಡೆಗೂ ಹಬ್ಬುವುದರಿಂದ ಮಹಾಪ್ರಾಣದ ಸೀಳು ಮುಚ್ಚಿತೇ ಎಂದು ಮತ್ತೆ ನೋಡಬೇಕು. ಅದಕ್ಕಿಂತ ಕೆಳಗೆ ಹೋಗಬೇಕೆಂದರೆ ಅನೇಕ್‌ನ 75 ಅಗಲಕ್ಕೆ ಬನ್ನಿ, ಇಲ್ಲವೇ ಕೈಯಲ್ಲಿ ಬರೆಯಿರಿ.

ಸಾಲುಗಳ ನಡುವೆ

ಅಮ್ಯಾಟಿಕ್‌ನಂಥ ಫಾಂಟಿನಲ್ಲಿ ಇಂಗ್ಲಿಷ್ ಸಾಲುಗಳ ಅಂತರ ಅಕ್ಷರದ ಅಳತೆಯ 0.9ರಿಂದ 1ರಷ್ಟು ಇದ್ದರೂ ನಡೆಯುತ್ತದೆ. ಕನ್ನಡಕ್ಕೆ 1.4ರಿಂದ ಶುರು ಮಾಡಿ, ಎರಡು ಒತ್ತಿನ ಪದಗಳಿದ್ದರೆ 1.6. ಅಂದರೆ 40 ಪಾಯಿಂಟಿನ ಶೀರ್ಷಿಕೆಗೆ ಸುಮಾರು 60 ಪಾಯಿಂಟ್, 21 ಮಿಲಿಮೀಟರ್. ಇಷ್ಟು ಬಿಟ್ಟರೆ ಒತ್ತಿಲ್ಲದ ಕಡೆ ಸಾಲುಗಳ ನಡುವೆ ಕಣಿವೆ ಕಾಣುತ್ತದೆ, ಬಿಡದಿದ್ದರೆ ಒತ್ತಿರುವ ಕಡೆ ಡಿಕ್ಕಿ. ಎರಡರ ನಡುವಿನ ದಾರಿ ಅಂಕಿಯಲ್ಲಿಲ್ಲ, ಜೋಡಣೆಯಲ್ಲಿದೆ.

'ಹುಟ್ಟುಹಬ್ಬದ' ಮೇಲಿನ ಸಾಲು, 'ಹಾರ್ದಿಕ ಶುಭಾಶಯ' ಕೆಳಗಿನದು ಎಂದುಕೊಳ್ಳಿ. ಎಡಕ್ಕೆ ಸಮಮಾಡಿದರೆ ಟ್ಟುವಿನ ಬುಡಕ್ಕೆ ಸರಿಯಾಗಿ ರ್ದಿಯ ಗುಡಿಸು ಬರುತ್ತದೆ. ಕೆಳಗಿನ ಸಾಲನ್ನು ಅರ್ಧ ಅಕ್ಷರದಷ್ಟು ಬಲಕ್ಕೆ ಸರಿಸಿ. ಒತ್ತು ಎರಡು ಅಕ್ಷರಗಳ ಸಂದಿಗೆ ಇಳಿದು ಕೂರುತ್ತದೆ. ಸಾಲುಗಳು ಅಂಕುಡೊಂಕಾದರೆ ಈ ಬಗೆಯ ಫಾಂಟಿಗೆ ಅದೇ ಶೋಭೆ. ಒತ್ತು ಜಾಸ್ತಿ ಇರುವ ಪದವನ್ನು ಕೊನೆಯ ಸಾಲಿಗೆ ತಳ್ಳುವುದು ಇನ್ನೊಂದು ಉಪಾಯ, ಅದರ ಕೆಳಗೆ ಏನೂ ಇರುವುದಿಲ್ಲ. ಪದವನ್ನೇ ಬದಲಿಸುವ ಸ್ವಾತಂತ್ರ್ಯ ಇದ್ದರೆ ಇನ್ನೂ ಒಳ್ಳೆಯದು. 'ಆಮಂತ್ರಣ'ದಲ್ಲಿ ಒತ್ತಿದೆ, 'ಕರೆಯೋಲೆ'ಯಲ್ಲಿ ಇಲ್ಲ. 'ಪ್ರದರ್ಶನ'ಕ್ಕಿಂತ 'ನಾಟಕ' ಹಗುರ. ಶೀರ್ಷಿಕೆ ಬರೆಯುವವರೂ ಅಕ್ಷರ ಜೋಡಿಸುವವರೂ ಒಂದೇ ಮೇಜಿನಲ್ಲಿ ಕೂತರೆ ಅರ್ಧ ಕಷ್ಟ ಅಲ್ಲೇ ತೀರುತ್ತದೆ.

ಅಕ್ಷರಗಳ ನಡುವಿನ ಅಂತರವನ್ನು ಸಾರಾಸಗಟಾಗಿ ಕಡಿಮೆ ಮಾಡಬೇಡಿ. ಮೇಲ್ಭಾಗದಲ್ಲಿ ಜಾಗ ಕಂಡರೂ ಕೆಳಗೆ ಒತ್ತುಗಳು ತಾಗಿರುತ್ತವೆ. ತಾಗಿದ ಒಂದೊಂದೇ ಜೋಡಿಯನ್ನು ಬಿಡಿಸಿ.

ಇಂಗ್ಲಿಷಿನ ಜೊತೆ ಇಡುವಾಗ

ಎರಡೂ ಲಿಪಿಗೆ ಒಂದೇ ಪಾಯಿಂಟ್ ಕೊಟ್ಟರೆ ಸಮ ಬರುವುದಿಲ್ಲ. ಎರಡು ಅಡ್ಡ ಮಾರ್ಗಸೂಚಿ ಗೆರೆ ಎಳೆಯಿರಿ: ಒಂದು ಅಕ್ಷರದ ಬುಡಕ್ಕೆ, ಇನ್ನೊಂದು ಇಂಗ್ಲಿಷ್ ಕ್ಯಾಪಿಟಲ್ಲಿನ ತಲೆಗೆ. ಕನ್ನಡದ ತಲಕಟ್ಟು ಮೇಲಿನ ಗೆರೆಗೆ ತಾಗುವವರೆಗೆ ಅಳತೆ ಬದಲಿಸಿ. ಗುಡಿಸು, ಏತ್ವ ಮೇಲೆ ಚಾಚಲಿ, ಬಿಡಿ. ನಂತರ ಕಣ್ಣು ಕಿರಿದು ಮಾಡಿ ನೋಡಿದಾಗ ಎರಡೂ ಸಾಲು ಒಂದೇ ಬೂದು ಬಣ್ಣವಾಗಿ ಕಾಣಬೇಕು. ಅಮ್ಯಾಟಿಕ್ ಬೋಲ್ಡ್ ಪಕ್ಕಕ್ಕೆ ಅನೇಕ್ 75 ಇಡುವುದಾದರೆ ತೂಕ 300ರಿಂದ ಆರಂಭಿಸಿ, ಗೆರೆಗಳು ಸಮ ಎನಿಸುವವರೆಗೆ ಏರಿಸುತ್ತ ಹೋಗಿ. ಇಂಗ್ಲಿಷಿನಲ್ಲಿ ಕೈಬರಹ, ಕನ್ನಡದಲ್ಲಿ ಯಂತ್ರದ ಅಕ್ಷರ ಇದ್ದರೆ ಓದುಗರಿಗೆ ಕನ್ನಡ ಅನುವಾದದಂತೆ ಕಾಣುತ್ತದೆ. ಕನ್ನಡವೇ ಮುಖ್ಯವಾದ ಕೆಲಸದಲ್ಲಿ ತಮಾಷೆಯನ್ನು ಕನ್ನಡಕ್ಕೆ ಕೊಟ್ಟು ಇಂಗ್ಲಿಷನ್ನು ಸಾದಾ ಇಡುವುದೇ ಸರಿ.

ಕೈಯಲ್ಲೇ ಬರೆಯುವುದಾದರೆ

ಎರಡು–ಮೂರು ಪದದ ಶೀರ್ಷಿಕೆಗೆ ಇದೇ ಅತ್ಯುತ್ತಮ ದಾರಿ. ಇಡೀ ಫಾಂಟು ಮಾಡಲು ಹೊರಡಬೇಡಿ. 34 ವ್ಯಂಜನ, ಅವಕ್ಕೆ ತಲಕಟ್ಟು ಇರುವ ರೂಪ, ಇಲ್ಲದ ರೂಪ, ಗುಡಿಸಿನ ರೂಪ, ಒತ್ತಿನ ರೂಪ ಎಂದರೇ 136 ಆಯಿತು, ಸ್ವರ, ಅಂಕಿ, ಕೊಂಬು, ದೀರ್ಘಗಳು ಇನ್ನೂ ಬಾಕಿ. ನಿಮಗೆ ಬೇಕಾದದ್ದು ಒಂಬತ್ತು ಅಕ್ಷರ.

1. ಎ4 ಹಾಳೆಯನ್ನು ಅಡ್ಡ ಇಟ್ಟು ಪೆನ್ಸಿಲ್ಲಿನಲ್ಲಿ ಮೂರು ಪಟ್ಟಿ ಎಳೆಯಿರಿ: ಗುಡಿಸಿಗೆ 10 ಮಿಲಿಮೀಟರ್, ಅಕ್ಷರದ ಮೈಗೆ 30, ಒತ್ತಿಗೆ 18.

2. ಮೈ ಪಟ್ಟಿಯನ್ನು 18 ಮಿಲಿಮೀಟರ್ ಅಗಲದ ಮನೆಗಳಾಗಿ ಭಾಗಿಸಿ. ಸಾಧಾರಣ ಅಕ್ಷರಕ್ಕೆ ಒಂದು ಮನೆ. ಣ, ಘ, ಝ, ಆಗಳಿಗೆ ಒಂದೂವರೆ, 'ಯೋ'ಗೆ ಎರಡು. ಎಲ್ಲವನ್ನೂ ಒಂದೇ ಮನೆಗೆ ತುರುಕಿದರೆ ಅಗಲದ ಅಕ್ಷರಗಳು ಮಾತ್ರ ಕಪ್ಪಾಗಿ ಕಾಣುತ್ತವೆ.

3. 2–3 ಮಿಲಿಮೀಟರ್ ಮೊನೆಯ ಮಾರ್ಕರ್ ಅಥವಾ ಬ್ರಷ್ ಪೆನ್ ಹಿಡಿಯಿರಿ. ತಲಕಟ್ಟನ್ನು ಮೋಟಾಗಿ ಇಡಿ, ಅಕ್ಷರದ ಅಗಲ ದಾಟದಿರಲಿ. ದೀರ್ಘದ ಬಾಲವನ್ನು ಪಕ್ಕಕ್ಕೆ ಎಳೆಯದೆ ಕೆಳಕ್ಕೆ ಬಾಗಿಸಿ. ಕನ್ನಡ ಅಗಲ ತಿನ್ನುವುದು ಹೆಚ್ಚಾಗಿ ಈ ಎರಡರಲ್ಲೇ.

4. ಒತ್ತನ್ನು ಮೈಯ ಅರ್ಧದಷ್ಟು ಎತ್ತರಕ್ಕೆ ಬರೆಯಿರಿ, ಆದರೆ ಅದೇ ಪೆನ್ನಿನಲ್ಲಿ. ಸಣ್ಣ ಪೆನ್ನಿಗೆ ಬದಲಿಸಿದರೆ ಒತ್ತು ಬೇರೆಯವರು ಬರೆದಂತೆ ಬಡಕಲಾಗುತ್ತದೆ.

5. ಎರಡು ಸಲ ಬರುವ ಅಕ್ಷರವನ್ನು ಎರಡು ಸಲವೂ ಬರೆಯಿರಿ. ಅಪ್ಪೆಮಿಡಿಯ ಪ, ಉಪ್ಪಿನಕಾಯಿಯ ಪ ತದ್ರೂಪ ಆಗಿದ್ದರೆ ಕೈಬರಹದ ಗುಟ್ಟು ರಟ್ಟು. ತಯಾರು ಫಾಂಟಿನಲ್ಲಾದರೆ ಕರ್ವ್ಸ್ ಮಾಡಿದ (ಪಠ್ಯವನ್ನು ಬರೀ ಗೆರೆಯ ಆಕಾರವಾಗಿ ಬದಲಿಸಿದ) ಮೇಲೆ ಒಂದು ಅಕ್ಷರವನ್ನು 1–2 ಡಿಗ್ರಿ ಓರೆ ಮಾಡಿ ಇದೇ ಪರಿಣಾಮ ತರಬಹುದು.

6. ಪೂರ್ತಿ ಪದವನ್ನು ಕನಿಷ್ಠ ಐದು ಸಲ ಬರೆದು ಒಳ್ಳೆಯದನ್ನು ಆರಿಸಿ. ಬಿಡಿ ಅಕ್ಷರ ಹೆಕ್ಕಿ ಜೋಡಿಸಿದರೆ ಓಟ ಹೋಗುತ್ತದೆ.

7. ಪೆನ್ಸಿಲ್ ಗೆರೆ ಅಳಿಸಿ 600 ಡಿಪಿಐನಲ್ಲಿ ಗ್ರೇಸ್ಕೇಲ್ ಸ್ಕ್ಯಾನ್ ಮಾಡಿ. ಮೊಬೈಲ್ ಫೋಟೊದಲ್ಲಿ ಒಂದು ಮೂಲೆಯ ನೆರಳು ಕಪ್ಪು ಮಚ್ಚೆಯಾಗಿ ಬರುತ್ತದೆ.

8. ಇಂಕ್‌ಸ್ಕೇಪ್‌ಗೆ ತಂದು ಶಿಫ್ಟ್, ಆಲ್ಟ್, ಬಿ ಒತ್ತಿ 'ಟ್ರೇಸ್ ಬಿಟ್‌ಮ್ಯಾಪ್' ತೆರೆಯಿರಿ. ಬ್ರೈಟ್‌ನೆಸ್ ಕಟಾಫ್ 0.45ರ ಸುತ್ತ ಇಡಿ. ಗೆರೆ ಹರಿದರೆ ಏರಿಸಿ, ಸೀಳು ತುಂಬಿಕೊಂಡರೆ ಇಳಿಸಿ. ಕಂಟ್ರೋಲ್ ಮತ್ತು ಎಲ್ ಒಮ್ಮೆ ಒತ್ತಿದರೆ ಬಿಂದುಗಳು ಕಡಿಮೆಯಾಗುತ್ತವೆ; ಎರಡು ಮೂರು ಸಲ ಒತ್ತಿದರೆ ಬಾಗುಗಳು ಕರಗಿದ ಮೇಣದಂತಾಗುತ್ತವೆ.

ಎಲ್ಲಿ ಬೇಡ

ಇದು ಎರಡರಿಂದ ಐದು ಪದಗಳ ಫಾಂಟು. ಗೋಡೆಪತ್ರಿಕೆಯ ಶೀರ್ಷಿಕೆ, ಖಾನಾವಳಿಯ ಇವತ್ತಿನ ಸ್ಪೆಷಲ್, ನಾಟಕದ ಹೆಸರು, ಯೂಟ್ಯೂಬ್ ತಂಬ್‌ನೇಲ್ ಇವಕ್ಕೆ ಸೈ. ತಂಬ್‌ನೇಲನ್ನು 1280×720 ಅಳತೆಯಲ್ಲಿ ಮಾಡಿದ ಮೇಲೆ 160 ಪಿಕ್ಸೆಲ್ ಅಗಲಕ್ಕೆ ಕುಗ್ಗಿಸಿ ಓದಿ ನೋಡಿ, ಮೂರು ಪದಕ್ಕಿಂತ ಹೆಚ್ಚು ಉಳಿಯುವುದಿಲ್ಲ. ವಿಳಾಸ, ಫೋನ್ ನಂಬರ್, ಮುಹೂರ್ತದ ಸಮಯಗಳಿಗೆ ಸಾದಾ ಫಾಂಟೇ ಬೇಕು. ಶ್ರದ್ಧಾಂಜಲಿಯ ಫ್ಲೆಕ್ಸಿನಲ್ಲಿ ಅಕ್ಷರಗಳು ಕುಣಿಯುವುದನ್ನು ಯಾರೂ ಮೆಚ್ಚಲಾರರು.

ಫ್ಲೆಕ್ಸಿಗೆ ಬೋರ್ಡು ಬರೆಯುವವರ ಲೆಕ್ಕ ಪ್ರತಿ 3 ಮೀಟರ್ ದೂರಕ್ಕೆ 25 ಮಿಲಿಮೀಟರ್ ಎತ್ತರ. ಸಪೂರ ಕೈಬರಹಕ್ಕೆ ಅದರ ಒಂದೂವರೆ ಪಟ್ಟು ಹಿಡಿಯಿರಿ: 15 ಮೀಟರ್ ದೂರದಿಂದ ಓದಬೇಕಾದರೆ ಸುಮಾರು 190 ಮಿಲಿಮೀಟರ್.

ಮಾರುವ ಪೊಟ್ಟಣದ ಮೇಲೆ ಇನ್ನೊಂದು ಕಟ್ಟುಪಾಡಿದೆ. ಪೊಟ್ಟಣದ ಸರಕುಗಳ ಕಾನೂನು ಮಾಪನ ನಿಯಮಗಳು, 2011ರ ಪ್ರಕಾರ ಕಡ್ಡಾಯ ವಿವರಗಳ ಅಕ್ಷರ, ಅಂಕಿಗಳ ಅಗಲ ಎತ್ತರದ ಮೂರನೇ ಒಂದಕ್ಕಿಂತ ಕಡಿಮೆ ಇರುವಂತಿಲ್ಲ. ಅಂಕಿ 1ರಂಥವಕ್ಕೆ ಮಾತ್ರ ವಿನಾಯಿತಿ. ಅತಿ ಸಪೂರ ಫಾಂಟು ಇಲ್ಲಿ ನೇರವಾಗಿ ಸಿಕ್ಕಿಬೀಳುತ್ತದೆ. ಆ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿ ಇರಲೇಬೇಕು, ಕನ್ನಡವನ್ನು ಜೊತೆಗೆ ಸೇರಿಸಬಹುದು. ಹೆಸರು ಎಷ್ಟು ಬೇಕಾದರೂ ಕುಣಿಯಲಿ; ನಿವ್ವಳ ತೂಕ, ಎಂಆರ್‌ಪಿ, ತಯಾರಿಸಿದ ತಿಂಗಳು ಸಾದಾ ಅಕ್ಷರದಲ್ಲಿ ನಿಲ್ಲಲಿ.

ಪ್ರೆಸ್ಸಿಗೆ ಕಳಿಸುವಾಗ

ಪಠ್ಯವಿರುವ ಮೂಲ ಕಡತದ ಒಂದು ಪ್ರತಿ ತೆಗೆದಿಟ್ಟು, ಇನ್ನೊಂದನ್ನು ಕರ್ವ್ಸ್ ಮಾಡಿ. ಕೋರೆಲ್‌ನಲ್ಲಿ ಕಂಟ್ರೋಲ್ ಮತ್ತು ಕ್ಯೂ, ಇಲ್ಲಸ್ಟ್ರೇಟರ್‌ನಲ್ಲಿ ಶಿಫ್ಟ್, ಕಂಟ್ರೋಲ್, ಒ. ಇಂಕ್‌ಸ್ಕೇಪ್‌ನಲ್ಲಿ ಶಿಫ್ಟ್, ಕಂಟ್ರೋಲ್, ಸಿ. ಕರ್ವ್ಸ್ ಆದ ಮೇಲೆ ಕಾಗುಣಿತ ತಿದ್ದಲು ಬಾರದು, ಹಾಗಾಗಿ ಇಬ್ಬರು ಓದಿದ ಮೇಲೆಯೇ ಈ ಕೆಲಸ. ಸುತ್ತ 3 ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು, ಬಿಡಿ.

ಕಡು ಬಣ್ಣದ ಮೇಲೆ ಬಿಳಿ ಅಕ್ಷರ ಇದ್ದರೆ ಅತಿ ತೆಳು ಗೆರೆಯೂ 0.3 ಮಿಲಿಮೀಟರಿಗಿಂತ ಕಡಿಮೆ ಆಗದಿರಲಿ, ಶಾಯಿ ಹರಡಿ ಅಕ್ಷರ ಮುಚ್ಚುತ್ತದೆ. ಬಟ್ಟೆಯ ಚೀಲದ ಮೇಲೆ ಸ್ಕ್ರೀನ್ ಪ್ರಿಂಟ್ ಆದರೆ 0.5. 'ಹುಬ್ಬಳ್ಳಿ'ಯಂಥ ತೆಳು ಫಾಂಟನ್ನು ಚೀಲಕ್ಕೆ ಹಾಕುವ ಮುನ್ನ ಗೆರೆಯನ್ನು ಅಳೆಯಿರಿ.

ವೇರಿಯಬಲ್ ಫಾಂಟಿನಲ್ಲಿ ಅಕ್ಷರದ ಭಾಗಗಳು ಒಂದರ ಮೇಲೊಂದು ಹಾದುಹೋಗಿರುತ್ತವೆ. ಕರ್ವ್ಸ್ ಮಾಡಿ ಹೊರಗೆರೆ ಕೊಟ್ಟೊಡನೆ ಆ ಒಳಗಿನ ಗೆರೆಗಳೆಲ್ಲ ಮೇಲೆದ್ದು ಕಾಣುತ್ತವೆ. ವಿನೈಲ್ ಕತ್ತರಿಸುವ ಯಂತ್ರವಂತೂ ಅವನ್ನೂ ಕತ್ತರಿಸಿ ಅಕ್ಷರವನ್ನು ತುಂಡು ಮಾಡುತ್ತದೆ. ಕೋರೆಲ್‌ನಲ್ಲಿ ವೆಲ್ಡ್, ಇಂಕ್‌ಸ್ಕೇಪ್‌ನಲ್ಲಿ ಯೂನಿಯನ್ ಕೊಟ್ಟು ಒಂದಾಗಿಸಿ. ಹಳೆಯ ಕೋರೆಲ್ ಇರುವ ಅಂಗಡಿಯಲ್ಲಿ ವೇರಿಯಬಲ್ ಕಡತ ತೆರೆಯುವುದೇ ಇಲ್ಲ, ಆ ಸೌಲಭ್ಯ ಬಂದದ್ದು 2020ರ ಆವೃತ್ತಿಯಲ್ಲಿ. ಅನೇಕ್ ಇಳಿಸಿಕೊಂಡ ಜಿಪ್ ಕಡತದೊಳಗೆ 'ಸ್ಟಾಟಿಕ್' ಎಂಬ ಫೋಲ್ಡರ್ ಇರುತ್ತದೆ. ಅದರಲ್ಲಿನ 'ಕಂಡೆನ್ಸ್ಡ್' ಹೆಸರಿನ ಕಡತಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋದರೆ ಯಾವ ಅಂಗಡಿಯಲ್ಲೂ ನಡೆಯುತ್ತದೆ.